ಮೂರು ದಾರಿಗಳಿಗೆ ಒಂದೇ ಕರೆ

ಮೂವರನ್ನು ಒಟ್ಟಿಗೆ ಕರೆದದ್ದಕ್ಕೆ ನಾನು ಇವತ್ತಿಗೂ ಯಾರಲ್ಲೂ ಕ್ಷಮೆ ಕೇಳಿಲ್ಲ. ಕೇಳುವುದೂ ಇಲ್ಲ. ಉಳಿದ ವಿವರಗಳಲ್ಲಿ ನನ್ನ ನೆನಪನ್ನು ಅಷ್ಟು ನಂಬಬೇಡಿ, ನಾನೇ ನಂಬುವುದಿಲ್ಲ.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಆಳಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ರೈತರು ಅವರಿಗೆ ಪರಿಚಯ. ಆ ಪರಿಚಯದ ಮೇಲೆಯೇ ರಕ್ತದಾನಿಗಳ ಒಂದು ಬಳಗ ಕಟ್ಟಿದ್ದಾರೆ. ಕಲಬುರಗಿಯ ಆಸ್ಪತ್ರೆಗಳಲ್ಲಿ ಯಾರಿಗಾದರೂ ರಕ್ತ ಬೇಕಾದರೆ ಫೋನು ಇವರಿಗೆ ಬರುತ್ತದೆ. ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವನು. ಕರೆ ಮಾಡಿ ಮಾಡಿ ಕಾಕಾನ ಗಂಟಲು ಕಟ್ಟುವುದನ್ನು ನೋಡಿ, ದಾನಿಗಳಿಗೆ ಮೆಸೇಜ್ ಕಳಿಸಿ ಉತ್ತರ ತೆಗೆದುಕೊಳ್ಳುವ ಒಂದು ಪ್ರೋಗ್ರಾಂ ಬರೆದುಕೊಟ್ಟೆ.

ಅದಕ್ಕೆ ಕಾಕಾ ಒಂದು ಷರತ್ತು ಹಾಕಿದರು. ಒಬ್ಬರನ್ನು ಕೇಳಬೇಕು, ಅವರು ಇಲ್ಲವೆಂದ ಮೇಲೆ, ಅಥವಾ ಸಾಕಷ್ಟು ಹೊತ್ತು ಸುಮ್ಮನಿದ್ದ ಮೇಲೆ, ಇನ್ನೊಬ್ಬರನ್ನು. ಹೊಲದ ಕೆಲಸ ಬಿಟ್ಟು ಬಂದವನಿಗೆ ಬೇರೆಯವರು ಸಿಕ್ಕರು ಎಂದು ಹೇಳುವುದು, ಊಟಕ್ಕೆ ಕರೆದು ತಾಟು ಎತ್ತಿಟ್ಟಷ್ಟೇ ಅವಮಾನ ಎಂಬುದು ಅವರ ವಾದ. ಹಾಗೆಯೇ ಬರೆದೆ. ಪ್ರತಿ ಮೆಸೇಜಿಗೂ ಒಂದೊಂದು ಅವೇಟ್, ಅಂದರೆ 'ಕಾಯಿ' ಎಂಬ ಆದೇಶ. ಒಂದರ ಉತ್ತರಕ್ಕೆ ಕಾದು ಮುಗಿಯುವ ತನಕ ಮುಂದಿನದು ಹೊರಡುವುದೇ ಇಲ್ಲ. ವಿದ್ಯಾರ್ಥಿಗಳು ಹೀಗೆ ಬರೆದರೆ ನಾನು ಅಂಕ ಕಳೆಯುತ್ತೇನೆ. ಒಬ್ಬನ ಉತ್ತರಕ್ಕೆ ಕಾಯುತ್ತಲೇ ಕಂಪ್ಯೂಟರು ಇನ್ನಿಬ್ಬರನ್ನು ಕೇಳಬಲ್ಲದು. ಎಲ್ಲ ಕೆಲಸಗಳನ್ನೂ ಮೊದಲು ಶುರು ಮಾಡಿ, ಆಮೇಲೆ ಎಲ್ಲಕ್ಕೂ ಒಟ್ಟಿಗೆ ಕಾಯಬೇಕು. ಪಾಠ ಇಷ್ಟೇ. ಮನೆಯ ಹಿರಿಯರಿಗೆ ಇದನ್ನು ಕಲಿಸುವ ಉಸಾಬರಿ ಬೇಡವೆಂದುಕೊಂಡಿದ್ದೆ, ಅಕ್ಕ ಆಸ್ಪತ್ರೆಗೆ ಸೇರುವ ತನಕ.

ಅವಳದು ಬಿ ನೆಗೆಟಿವ್. ನನ್ನದು ಬೇರೆ. ಸಂಜೆಯೊಳಗೆ ದಾನಿ ಬಂದರೆ ಮರುದಿನ ಬೆಳಿಗ್ಗೆ ಆಪರೇಷನ್, ಇಲ್ಲದಿದ್ದರೆ ಮುಂದಕ್ಕೆ ಎಂದರು ಡಾಕ್ಟರು. ಮುಂದಕ್ಕೆ ಹಾಕುವಷ್ಟು ಪುರುಸೊತ್ತು ಅಕ್ಕನ ಹೊಟ್ಟೆಯ ಗಡ್ಡೆ ಕೊಟ್ಟಿರಲಿಲ್ಲ. ಬಳಗದಲ್ಲಿ ಆ ಗುಂಪಿನವರು ಮೂವರೇ: ಜಿಡಗಾದವರೊಬ್ಬರು, ಕರಜಗಿಯ ಕಬ್ಬಿನ ರೈತ, ಇಜೇರಿಯವರೊಬ್ಬರು. ಮೂರು ದಿಕ್ಕು, ಮೂರು ರಸ್ತೆ. ಮೊದಲ ಮೆಸೇಜ್ ಜಿಡಗಾಕ್ಕೆ ಹೋಗಿತ್ತು. ಉತ್ತರವಿಲ್ಲ, ಫೋನೂ ಎತ್ತಲಿಲ್ಲ. ಪ್ರೋಗ್ರಾಂ ಮಾತ್ರ ಮರ್ಯಾದೆಯಿಂದ ಕಾಯುತ್ತಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಪಕ್ಕದಲ್ಲಿ ಕೂತಿದ್ದ ಕಾಕಾ ಏನು ನಡೆಸಿದ್ದೀಯ ಎಂದು ಕೇಳಿದರು. ಹೇಳಿದೆ.

"ಮೂರೂ ಮಂದೀಗಿ ಒಮ್ಮೆ ಕರದು, ಇಬ್ಬರಿಗಿ ತಿರುಗಿ ಹೋಗ್ರಿ ಅಂತಿ? ನಾಳಿಗಿ ಮಂದಿ ನಮ್ಮ ಮಾರಿ ನೋಡ್ತಾರೇನಲೇ?"

"ನೋಡಲಿಲ್ಲಂದ್ರ ಬಿಡ್ಲಿ ಕಾಕಾ. ನನಗ ಅಕ್ಕ ಬೇಕು."

ಆದರೂ ಅವರ ಮಾತಿಗೆ ಸ್ವಲ್ಪ ಬಗ್ಗಿದೆ. ಒಬ್ಬರು ಬರುತ್ತೇನೆ ಎಂದ ಕೂಡಲೇ ಉಳಿದಿಬ್ಬರಿಗೆ ಕಾಯುವುದನ್ನು ರದ್ದು ಮಾಡಿ, 'ದಾನಿ ಸಿಕ್ಕಿದ್ದಾರೆ, ಬರುವುದು ಬೇಡ' ಎಂದು ತಿಳಿಸುವ ಸಾಲು ಸೇರಿಸಿದೆ. ದಾರಿ ಸವೆಸುವ ಮೊದಲೇ ಗೊತ್ತಾದರೆ ಅವಮಾನವಿಲ್ಲವಲ್ಲ ಎಂದು ಕಾಕಾ ಒಪ್ಪಿದರು.

ಮೂವರಿಗೂ ಒಟ್ಟಿಗೆ ಮೆಸೇಜ್ ಹೊರಟಿತು. ಕರಜಗಿಯವರು ಬೇರೆ ಕೆಲಸಕ್ಕೆ ಅಂದು ಕಲಬುರಗಿಯಲ್ಲೇ ಇದ್ದರು. ಮೊದಲ ಹೌದು ಅವರದು. ಉಳಿದಿಬ್ಬರಿಗೆ ಬೇಡ ಎಂಬ ಮೆಸೇಜ್ ಹೋಯಿತು. ಕರಜಗಿಯವರು ಬಂದರು, ಬೆರಳು ಚುಚ್ಚಿಸಿಕೊಂಡರು. ಹಿಮೋಗ್ಲೋಬಿನ್ ಕಡಿಮೆ, ಇವರಿಂದ ತೆಗೆಯುವಂತಿಲ್ಲ ಎಂದರು ರಕ್ತನಿಧಿಯವರು. ಅಷ್ಟರಲ್ಲಿ ಜಿಡಗಾದವರು, ಫೋನು ಎತ್ತದೆಯೇ ಬಸ್ಸು ಹತ್ತಿದ್ದವರು, ಬೇಡವೆಂಬ ಮೆಸೇಜ್ ನೋಡಿ ಅರ್ಧ ದಾರಿಯಲ್ಲಿ ಇಳಿದು ವಾಪಸಾಗಿದ್ದರು. ಕಾಕಾನಿಗೆ ಫೋನ್ ಮಾಡಿ ರೇಗಾಡಿದವರು ಆಮೇಲೆ ಕರೆದರೂ ಎತ್ತಲಿಲ್ಲ. ಇಜೇರಿಯವರೂ ಫೋನು ಎತ್ತಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಇಜೇರಿಯವರು ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಹೆಲ್ಮೆಟ್, ಮೈತುಂಬ ಧೂಳು. ಬೇಡವೆಂಬ ಮೆಸೇಜ್ ಬರಲಿಲ್ಲವೇ ಎಂದು ಕೇಳಿದೆ.

"ಬಂದಿತ್ರಿ. ಬರ್ತೇನಿ ಅಂದಾವ ಕೊಟ್ಟೇ ಕೊಡ್ತಾನಂತ ಏನ್ ಖಾತ್ರಿ?"

ಹೀಗೆ ಅಂದರು ಎಂದು ನನ್ನ ನೆನಪು. ಕಾಕಾನ ಪ್ರಕಾರ, ಗಾಡಿ ಮೇಲಿದ್ದೆ, ಮೊಬೈಲ್ ನೋಡಲಿಲ್ಲ ಎಂದಷ್ಟೇ ಅವರು ಹೇಳಿದ್ದು. ನನ್ನ ವಾದಕ್ಕೆ ಇಷ್ಟು ಸರಿಯಾಗಿ ಹೊಂದುವ ಮಾತನ್ನು ನಾನೇ ಹೊಲಿದುಕೊಂಡಿರಲೂಬಹುದು. ಅವರನ್ನೇ ಕೇಳಿ ತೀರ್ಮಾನಿಸಬಹುದು, ಕೇಳಿಲ್ಲ. ಅವರು ಬಂದದ್ದರಲ್ಲಿ, ತೋಳು ಚಾಚಿ ಮಲಗಿದ್ದರಲ್ಲಿ ಮಾತ್ರ ಅನುಮಾನವಿಲ್ಲ. ಮರುದಿನ ಆಪರೇಷನ್ ಆಯಿತು. ಅಕ್ಕ ಈಗ ನನ್ನನ್ನು ಮೊದಲಿನಷ್ಟೇ ಬೈಯುತ್ತಾಳೆ.

ಅವಳು ಮನೆಗೆ ಬಂದ ಮೇಲೆ ಕಾಕಾ ಜಿಡಗಾದವರನ್ನು ಅಂಗಡಿಗೆ ಚಹಾಕ್ಕೆ ಕರೆದರು, ನನ್ನನ್ನೂ ಕರೆಸಿದರು. ನಾನು ಕ್ಷಮೆ ಕೇಳಬೇಕು, ಪ್ರೋಗ್ರಾಂ ಹಳೆಯ ರೀತಿಗೆ ಮರಳಬೇಕು ಎಂಬುದು ಅವರ ಲೆಕ್ಕಾಚಾರ. ಮೂವರನ್ನು ಕೇಳಿದ್ದಕ್ಕೆ ಕ್ಷಮೆ ಇಲ್ಲ, ನಾಳೆ ಬೇಕಾದರೆ ಮೂವತ್ತು ಮಂದಿಯನ್ನು ಕೇಳುತ್ತೇನೆ ಎಂದೆ. ಕಾಕಾನ ಮುಖ ಕೆಂಪಾಯಿತು. ಜಿಡಗಾದವರು ಬಟ್ಟಲು ಕೆಳಗಿಟ್ಟರು.

"ಮೂವರಿಗಿ ಕೇಳಿದ್ದಕ್ಕ ನನಗ ಸಿಟ್ಟಿಲ್ಲರಿ. ಹೊಂಟಾವಗ ಬ್ಯಾಡ ಅಂದ್ರಲ್ಲ, ಅದಕ್ಕ."

ಅಲ್ಲಿಯೇ ಲ್ಯಾಪ್‌ಟಾಪ್ ತೆರೆದೆ. ಪ್ರೋಗ್ರಾಂ ರದ್ದು ಮಾಡುವುದು ತನ್ನ ಕಾಯುವಿಕೆಯನ್ನು; ದಾರಿಯಲ್ಲಿರುವ ಮನುಷ್ಯನನ್ನಲ್ಲ. ಇದನ್ನೂ ನಾನೇ ತರಗತಿಯಲ್ಲಿ ಹೇಳುತ್ತೇನೆ. ಯಾರದಾದರೂ ರಕ್ತ ಚೀಲಕ್ಕೆ ಇಳಿಯುವ ತನಕ ಯಾರಿಗೂ ಬೇಡ ಎನ್ನಬಾರದೆಂದು ಬದಲಿಸಿದೆ. ಮೊದಲ ಮೆಸೇಜಿನಲ್ಲೇ, ಹಲವರನ್ನು ಒಟ್ಟಿಗೆ ಕೇಳುತ್ತಿದ್ದೇವೆ, ಬಂದು ಬರಿಗೈಲಿ ಹೋಗಬೇಕಾಗಬಹುದು ಎಂದು ಬರೆದೆ. ಇದನ್ನು ಓದಿ ಯಾರು ಬರುತ್ತಾರೆ ಎಂದರು ಕಾಕಾ. ಬರುವವರು ಬರುತ್ತಾರೆ ಎಂದೆ. ಅವರು ಹಳೆಯದನ್ನೇ ಹಚ್ಚು ಎಂದರು, ನಾನು ಹಚ್ಚುವುದಿಲ್ಲ ಎಂದೆ.

ಕಾಕಾ ಖಾಲಿ ಬಟ್ಟಲುಗಳನ್ನು ಎತ್ತಿಟ್ಟು ಬಂದು ಕೂತರು.

"ನನ್ನ ನಂಬರೂ ಅದರಾಗ ಅದಲ್ಲ?"

ಇದೆ, ತೆಗೆಯಲೇ ಎಂದು ಕೇಳಿದೆ.

"ಇರಲಿ. ಖರೇ, ನನ್ನ ಗುಂಪಿನ ರಕ್ತ ಬೇಕಾದಾಗ ಮೊದಲ ನನಗ ಕೇಳು."

"ಮೊದಲ ಅಂತ ಯಾರೂ ಇಲ್ಲರಿ ಕಾಕಾ," ಎಂದೆ.