ದುಬೈ ಸಮಯದ ದೇಶಭಕ್ತ

ಕಾಟಿಪಳ್ಳದ ನಮ್ಮ ನೆರೆಯವನು ದುಬೈಯಿಂದ ರಜೆಗೆ ಬಂದರೂ ಕೈಗಡಿಯಾರದಲ್ಲಿ ಅಲ್ಲಿಯ ಸಮಯವನ್ನೇ ಇಟ್ಟುಕೊಳ್ಳುತ್ತಿದ್ದ. ಅದು ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ. ಕರೆಂಟು ಹೋದರೆ "ನಮ್ಮಲ್ಲಿ ಹೀಗಿಲ್ಲ" ಎನ್ನುತ್ತಿದ್ದ. ದುಬೈಯಲ್ಲಿ ಅದೇ ಗಡಿಯಾರಕ್ಕೆ ಊರಿನ ಸಮಯ. ಅಲ್ಲಿಯ ಮೀನು ತಿಂದೂ "ನಮ್ಮಲ್ಲಿ ಹೀಗಿಲ್ಲ" ಎನ್ನುತ್ತಾನೆಂದು ಅವನ ಹೆಂಡತಿಯೇ ಹೇಳಿದ್ದಳು.

ಒಂದು ಸ್ವಾತಂತ್ರ್ಯ ದಿನ ಶಾಲೆಯಲ್ಲಿ ಎಂಟು ಗಂಟೆಗೆ ಬಾವುಟ ಹಾರಿಸಲು ಅವನನ್ನೇ ಕರೆದರು. ವಾರವಿಡೀ ಅಂಗಳದಲ್ಲಿ ಸೆಲ್ಯೂಟ್ ಹೊಡೆದು ಕಲಿತ. ಆ ದಿನ ಅತ್ತರು ಪೂಸಿಕೊಂಡು, ತನ್ನ ಗಡಿಯಾರದ ಎಂಟಕ್ಕೆ ಸರಿಯಾಗಿ ಬಂದ. ಬಾವುಟ ಆಗಲೇ ಮೇಲೆ ಹಾರುತ್ತಿತ್ತು. ಮಕ್ಕಳು ಮಿಠಾಯಿ ತಿಂದು ಹೋಗಿದ್ದರು. ನಾನೊಬ್ಬ ಉಳಿದು ಮಿಠಾಯಿ ಕಾಗದ ಗುಡಿಸುತ್ತಿದ್ದೆ.

"ಎಂತ ಇದು? ನಮ್ಮಲ್ಲಿ ಈಗಷ್ಟೇ ಎಂಟು!" ಎಂದು ಕೂಗಾಡಿದ.

"ಹಾಗಾದ್ರೆ ನಿಮ್ಮಲ್ಲೇ ಹೋಗಿ ಹಾರಿಸು ಮಾರಾಯ," ಎಂದೆ.