ಗಿರಣಿ ಮಾಲಿಂಗಪ್ಪನ ಪಾಳಿ

ಮೂಡಲಗಿಯ ಮಾಲಿಂಗಪ್ಪ ಮನೆಯ ಮುಂಭಾಗದಲ್ಲೇ ಇಟ್ಟಿದ್ದ ಹಿಟ್ಟಿನ ಗಿರಣಿಯಲ್ಲಿ ಇದ್ದದ್ದು ಒಂದೇ ಕಾಯಿದೆ, ಪಾಳಿ. ಮೊದಲು ಬಂದ ಡಬ್ಬಿ ಮೊದಲು, ಆಮೇಲೆ ಬಂದದ್ದು ಆಮೇಲೆ. ಪುರಸಭೆ ಸದಸ್ಯರ ಮನೆಯ ಡಬ್ಬಿಯಾದರೂ ಗೋಡೆಗುಂಟ ಸಾಲಿನಲ್ಲಿ ಕೂತಿರಬೇಕು. ಒಮ್ಮೆ ಹೆಂಡತಿ ಸಾವಿತ್ರವ್ವ, ಮನೆಯಲ್ಲಿ ಹಿಟ್ಟು ತೀರಿದೆಯೆಂದು ಒಂದು ಸೇರು ಜೋಳ ನಡುವೆ ಸುರಿಯಲು ಹೋದಾಗ, ಅವಳ ಬುಟ್ಟಿಯನ್ನೂ ಇಸಿದುಕೊಂಡು ಒಂಬತ್ತನೆಯ ಪಾಳಿಗೆ ಇಟ್ಟಿದ್ದ. ಅಂದು ಗಿರಣಿಯವನ ಮನೆಯಲ್ಲೇ ರೊಟ್ಟಿಯಿಲ್ಲದೆ ಚುರಮುರಿ ತಿಂದು ಮಲಗಿದರು. ಇದನ್ನು ಅವನು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ. ಅದರಲ್ಲಿ ಎದೆಯುಬ್ಬಿಸುವಂಥದ್ದು ಏನಿತ್ತೋ ದೇವರೇ ಬಲ್ಲ.

ಈ ಪಾಳಿಯೇ ಅವನ ಅಕ್ಕ ಕಾಶೆವ್ವನನ್ನು ದೂರ ಮಾಡಿತ್ತು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು, ಎಂಟು ವರ್ಷ ದೊಡ್ಡವಳು. ಹುಕ್ಕೇರಿಗೆ ಕೊಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಅವಳ ಮಗಳ ಮದುವೆಯ ದಿನ ಮೂಡಲಗಿಯಲ್ಲಿ ಕರೆಂಟು ಬಂದದ್ದೇ ಬೆಳಿಗ್ಗೆ ಏಳಕ್ಕೆ. ಗಿರಣಿಯಲ್ಲಿ ಹಿಂದಿನ ದಿನದ ಹನ್ನೆರಡು ಡಬ್ಬಿ ಕಾಯುತ್ತಿದ್ದವು. ಇವಿಷ್ಟು ಬೀಸಿಯೇ ಹೋದರಾಯಿತು ಎಂದು ನಿಂತ. ಇವನು ಹುಕ್ಕೇರಿ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಊಟದ ಎರಡನೆಯ ಪಂಕ್ತಿ ಎದ್ದಿತ್ತು. ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಓಣಿಯ ಯಾವನೋ ನಿಂತಿದ್ದನಂತೆ. ಇನ್ನು ಮೇಲೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ, ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಕಾಶೆವ್ವ ನಾಲ್ಕು ಜನರ ಎದುರಿಗೆ ಹೇಳಿದಳು. ಹೇಳಿದಂತೆ ನಡೆದಳು ಕೂಡ. ಪ್ರತಿ ವರ್ಷ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಇವನು ಹೋಗುತ್ತಿದ್ದ, ಪ್ರತಿ ವರ್ಷ ಒಬ್ಬನೇ ಬಸ್ಸಿಳಿಯುತ್ತಿದ್ದ. ಅರವತ್ತು ದಾಟಿದ ಮೇಲೆ ಅವನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ. ಸಾಯುವುದರೊಳಗೆ ಅಕ್ಕ ಒಮ್ಮೆ ತನ್ನ ಮನೆಯೊಳಗೆ ಬರಬೇಕು, ಅಷ್ಟೇ.

ಹೀಗಿರುವಾಗ ಗೋಕಾಕದ ಗಜಾನನ ಬಂದ. ಅವನದು ಮೊಬೈಲ್ ರಿಪೇರಿ ಅಂಗಡಿ. ಬಿಡುವಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಯೂಟ್ಯೂಬಿನಲ್ಲಿ ಒಂದು ಕುಟುಂಬದ ನಗೆ ಧಾರಾವಾಹಿ ಮಾಡುತ್ತಿದ್ದ. ಈ ವಾರದ ಕಂತಿನಲ್ಲಿ ವಿಜ್ಞಾನ ತರುತ್ತೇನೆಂದು ಹೊರಟಿದ್ದ. ಊರಿನ ಹಿಟ್ಟಿನ ಗಿರಣಿಗೆ ಸಿಡಿಲು ಬಡಿದು ಅದು ಭವಿಷ್ಯ ತೋರಿಸುವ ಯಂತ್ರವಾಗಿಬಿಡುತ್ತದೆ. ಮೇಲೆ ಒಂದು ಹಿಡಿ ಜೋಳ ಸುರಿದು, ಹಿಟ್ಟು ಬೀಳುವ ಬಾಯಲ್ಲಿ ಕಣ್ಣಿಟ್ಟರೆ ಇಪ್ಪತ್ತು ವರ್ಷ ಮುಂದಿನದು ಕಾಣುತ್ತದೆ. ಗಿರಣಿಯಲ್ಲಿ ಅರ್ಧ ದಿನ ಶೂಟಿಂಗಿಗೆ ಅವಕಾಶ ಕೇಳಿದ. ಮಾಲಿಂಗಪ್ಪ ಮೊದಲು ಪಾಳಿಯ ಮಾತೆತ್ತಿದ. ಆಮೇಲೆ ತನ್ನ ಗಿರಣಿ ಸಾವಿರಾರು ಜನರ ಮೊಬೈಲಿನಲ್ಲಿ ತಿರುಗುವುದನ್ನು ನೆನೆದು ಒಳಗೊಳಗೇ ಹಿಗ್ಗಿ, ಒಂದು ಸೋಮವಾರ ಕೊಟ್ಟ.

ಭವಿಷ್ಯದ ದೃಶ್ಯ ಬಹಳ ಸಣ್ಣದು. ಗೋಡೆಯ ಮೇಲೆ ಗಿರಣಿಯವನದು ಎಂದು ಮಾಲಿಂಗಪ್ಪನದೇ ಫೋಟೋ, ಅದಕ್ಕೊಂದು ಹಾರ, ಕೆಳಗೆ ಊದಿನಕಡ್ಡಿ, ಬಾಜೂಕ್ಕೆ ಮುದಿ ಹೆಂಡತಿ ಅಳುತ್ತ ಕೂತಿರಬೇಕು. ಮುದುಕಿಯ ಪಾತ್ರಕ್ಕೆ ಬರಬೇಕಾದವಳು ಯಮಕನಮರಡಿಯಿಂದ ಬರಲೇ ಇಲ್ಲ. ಗಜಾನನ ಸಾವಿತ್ರವ್ವನಿಗೇ ಗಂಟುಬಿದ್ದ. ಗಂಡ ಗಟ್ಟಿಯಾಗಿರುವಾಗ ಇದೆಂಥ ಅಪಶಕುನ ಎಂದು ಆಕೆ ಅವನನ್ನು ಬೈದಳು. ಕೊನೆಗೆ ಕುಂಕುಮ ಅಳಿಸುವುದಿಲ್ಲವೆಂಬ ಕರಾರಿನ ಮೇಲೆ ಒಪ್ಪಿದಳು. ಕುಂಕುಮದ ಮೇಲೆ ಸೆರಗು ಎಳೆದು, ತಲೆಗೂದಲಿಗೆ ಜೋಳದ ಹಿಟ್ಟು ಸವರಿ ಕೂಡಿಸಿದರು. ಸದ್ದಾಗಬಾರದೆಂದು ಮೋಟರು ಬಂದ್, ಶೂಟಿಂಗಿನ ಮೊಬೈಲೊಂದು ಬಿಟ್ಟು ಎಲ್ಲರ ಫೋನೂ ಬಂದ್, ಶಟರು ಅರ್ಧ ಕೆಳಗೆ.

ಮಾಲಿಂಗಪ್ಪ ನಗುತ್ತಲೇ ಒಳಗಿನ ಬಾಗಿಲ ಸಂದಿಯಿಂದ ಇಣುಕಿದ. ನಗು ಅಲ್ಲೇ ನಿಂತಿತು. ಹೆಂಡತಿಗೆ ಅಷ್ಟು ವಯಸ್ಸಾದದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಅವಳು ನಿಜವಾಗಿಯೇ ಅಳುತ್ತಿದ್ದಳು. ಯಾರೂ ಅಳಿಸಿರಲಿಲ್ಲ, ಫೋಟೋ ನೋಡಿ ತಾನಾಗಿಯೇ ಬಂದ ಅಳು. ಗೋಡೆಯ ಮೇಲೆ ತಾನು ಹಾರ ಹಾಕಿಸಿಕೊಂಡು ಸುಮ್ಮನೆ ನೋಡುತ್ತಿದ್ದ. ಆಗ ತಲೆಗೆ ಬಂದದ್ದು ಒಂದೇ ಪ್ರಶ್ನೆ, ಈ ದಿನಕ್ಕಾದರೂ ಅಕ್ಕ ಬರುತ್ತಾಳೋ ಇಲ್ಲವೋ.

ಅದೇ ಹೊತ್ತಿಗೆ ಹಿಂದಿನ ಓಣಿಯ ಶೆಟ್ಟೆವ್ವ ಡಬ್ಬಿ ಹೊತ್ತು ಬಂದು ಶಟರಿನ ಕೆಳಗಿಂದ ಬಗ್ಗಿ ನೋಡಿದಳು. ಮೂಲೆಯಲ್ಲಿದ್ದ ಗಜಾನನನಾಗಲಿ ಅವನ ಮೊಬೈಲಾಗಲಿ ಆಕೆಗೆ ಕಾಣಲಿಲ್ಲ. ಕಂಡದ್ದು ಹಾರ ಹಾಕಿದ ಫೋಟೋ, ಅಳುವ ಸಾವಿತ್ರವ್ವ. ಡಬ್ಬಿ ಅಲ್ಲೇ ಇಟ್ಟು ಓಡಿದಳು. ಮಾಲಿಂಗಪ್ಪನ ಜೀವದ ಗೆಳೆಯನೆಂದರೆ ಸೈಕಲ್ ಅಂಗಡಿಯ ಮೈನೋದ್ದೀನ. ಅವನ ಮುಂದೆ ಹೋಗಿ ಎದೆ ಬಡಿದುಕೊಂಡಳು. ಮೈನೋದ್ದೀನ ಫೋನು ಹಚ್ಚಿದರೆ ಗೆಳೆಯನದು ಬಂದ್. ಇನ್ನೇನು ಬೇಕು ಖಾತ್ರಿಗೆ? ಕಣ್ಣೊರೆಸಿಕೊಂಡು ಅವನು ಮೊದಲು ಮಾಡಿದ ಕೆಲಸ ಹುಕ್ಕೇರಿಗೆ, ಕಾಶೆವ್ವನಿಗೆ, ಸುದ್ದಿ ಮುಟ್ಟಿಸಿದ್ದು. ಆಮೇಲೆ ಓಣಿಯ ಹಿರಿಯರಿಗೆ ತಿಳಿಸಿ, ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡಲು ಕಾಶೆವ್ವನಿಗೆ ಮತ್ತೊಮ್ಮೆ ಹಚ್ಚಿದ. ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದ್ದೇನೆ, ನಾನು ಬರುವ ತನಕ ಎತ್ತಬೇಡಿರಿ ಎಂದಳಂತೆ.

ಇಷ್ಟೆಲ್ಲ ಮುಗಿಸಿ ಗಿರಣಿಗೆ ಬಂದ ಮೈನೋದ್ದೀನ, ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ ಗೆಳೆಯನನ್ನು ಕಂಡು ಹೊಸ್ತಿಲ ಮೇಲೆಯೇ ಕುಸಿದು ಕೂತ. ಅವನಿಗೆ ನೀರು ಕುಡಿಸಿ, ಬೆನ್ನು ತಿಕ್ಕಿ ಕೇಳಿದಾಗ ಎಲ್ಲ ಹೊರಬಿತ್ತು. ಗಜಾನನನ ಮುಖ ಬಿಳುಚಿತು. ಸಾವಿತ್ರವ್ವ ಹಿಟ್ಟು ಹತ್ತಿದ ಕೈಯಲ್ಲೇ ಫೋನು ತೆಗೆದುಕೊಂಡು, ಆ ಜೀವ ಬಸ್ಸಿನಲ್ಲಿ ಎಷ್ಟು ಸಂಕಟ ಪಡುತ್ತಿದೆಯೋ, ಮೊದಲು ಹೇಳಿಬಿಡುತ್ತೇನೆ ಎಂದಳು.

ಮಾಲಿಂಗಪ್ಪ ಅವಳ ಕೈಯ ಮೇಲೆ ಕೈ ಇಟ್ಟ.

"ಹಚ್ಚಬ್ಯಾಡ. ಖರೆ ಹೇಳಿದ್ರ ಅಕಿ ಘಟಪ್ರಭಾದಾಗ ಇಳದು ತಿರುಗಿ ಹೋಗ್ತಾಳ."

ಮೂವರೂ ಅವನನ್ನೇ ನೋಡಿದರು. ಇಂಥ ಕಲ್ಲುಮನಸ್ಸು ಯಾವನಿಗೂ ಇರಬಾರದು ಎಂದು ಮೈನೋದ್ದೀನ ಬೈದ. ಮಾಲಿಂಗಪ್ಪ ಫೋನನ್ನು ಬಿಡಲಿಲ್ಲ. ಅಕ್ಕ ಅಳುತ್ತ ಬರುತ್ತಿದ್ದಾಳೆಂಬ ಸಂಕಟ ಅವನಿಗೂ ಇತ್ತು. ಆದರೆ ಬರುತ್ತಿದ್ದಾಳಲ್ಲ ಎಂಬ ಆಸೆ ಅದಕ್ಕಿಂತ ದೊಡ್ಡದಾಗಿ, ಅವನು ನಾಚಿಕೆಗೆಟ್ಟು ಕಾದ.

ಎರಡು ಬಸ್ಸು ಬದಲಿಸಿ ಕಾಶೆವ್ವ ಬಂದಾಗ ಮಧ್ಯಾಹ್ನ ಎರಡೂವರೆ. ಓಣಿಯ ತುದಿಯಿಂದಲೇ ಅವಳ ಅಳು ಕೇಳಿತು. ಸತ್ತವರ ಮನೆಗೆ ಹೆಂಗಸರು ಹಾಡಿಕೊಂಡು ಅಳುತ್ತ ಬರುತ್ತಾರಲ್ಲ, ಹಾಗೆ. ಎದುರು ಬಂದವರು ಏನೋ ಹೇಳಲು ಹೋದರೂ ಅವಳಿಗೆ ಕಿವಿಯಿರಲಿಲ್ಲ. ತಲೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ಬಳಗದವರು ಬುತ್ತಿ ತರಬೇಕು, ತಂದ ಬುತ್ತಿಯನ್ನು ಎಂದೂ ತಿರುಗಿ ಒಯ್ಯಬಾರದು.

ಹೊರಗೆ ಬರಬೇಕೆಂದು ಮಾಲಿಂಗಪ್ಪ ಎದ್ದಿದ್ದ. ಅಳುವಿನ ಮಾತು ಕಿವಿಗೆ ಬಿದ್ದದ್ದೇ ಒಳಬಾಗಿಲಲ್ಲೇ ನಿಂತುಬಿಟ್ಟ.

"ಪಾಳಿ ತಪ್ಪಿಸಿದ್ಯಲ್ಲೋ ನನ್ನ ತಮ್ಮಾ... ನನ್ನ ಹಿಂದ ಎಂಟು ವರ್ಷಕ್ಕ ಬಂದಾಂವ ಮೊದಲ ಹೋದ್ಯಲ್ಲೋ... ಮೊದಲನೇ ಪಾಳಿ ನಂದಿತ್ತಲ್ಲೋ ತಮ್ಮಾ, ನಂದಿತ್ತಲ್ಲೋ..."

ಹನ್ನೊಂದು ವರ್ಷದ ಹಿಂದೆ ಯಾವ ಮನೆಯ ಹೊಸ್ತಿಲು ತುಳಿಯೆನೆಂದಿದ್ದಳೋ ಅದನ್ನು ನೋಡದೆಯೇ ದಾಟಿ, ಬುತ್ತಿ ಕೆಳಗಿಟ್ಟು ನೇರ ಫೋಟೋದ ಮುಂದೆ ಹೋಗಿ ಬಿದ್ದಳು. ಹಾರವನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಬಾಗಿಲಲ್ಲಿ ನಿಂತ ಮಾಲಿಂಗಪ್ಪನ ಬಾಯಿಂದ "ಅಕ್ಕಾ" ಎಂಬ ಒಂದು ಶಬ್ದ ಹೇಗೋ ಹೊರಟಿತು.

ಕಾಶೆವ್ವ ತಿರುಗಿದಳು. ತಮ್ಮನ ಮುಖ, ಗೋಡೆಯ ಫೋಟೋ, ಮತ್ತೆ ತಮ್ಮನ ಮುಖ. ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು, ಗಲ್ಲ ಮುಟ್ಟಿದಳು, ಕಿವಿ ಹಿಡಿದು ನೋಡಿದಳು. ಬೆಚ್ಚಗಿತ್ತು. ಗಜಾನನ ಕೈಮುಗಿದು, ತಡವರಿಸುತ್ತ, ಗಿರಣಿ, ಸಿಡಿಲು, ಭವಿಷ್ಯ ಎಂದು ಏನೇನೋ ಹೇಳಿದ. ಅವಳು ಕೇಳಿದ್ದು ಒಂದೇ. ಸುದ್ದಿ ಸುಳ್ಳೆಂದು ಬೆಳಿಗ್ಗೆಯೇ ಗೊತ್ತಾಗಿದ್ದರೆ ತನಗೆ ಯಾಕೆ ಯಾರೂ ಫೋನು ಮಾಡಲಿಲ್ಲ?

ಸಾವಿತ್ರವ್ವ ಗಂಡನನ್ನು ನೋಡಿದಳು.

"ನಾನ ಬ್ಯಾಡ ಅಂದೆ," ಎಂದ ಮಾಲಿಂಗಪ್ಪ. "ಜೀವಂತ ಅದೇನಿ ಅಂದ್ರ ನೀ ಬರ್ತಿರಲಿಲ್ಲಕ್ಕ."

ಕಾಶೆವ್ವ ಅವನ ಕಪಾಳಕ್ಕೆ ಬಾರಿಸಿದಳು. ಓಣಿಯೇ ಬೆಚ್ಚಿಬಿದ್ದಿತು. ಎರಡು ಬಸ್ಸಿನಲ್ಲಿ, ಪರರ ನಡುವೆ, ತಮ್ಮನನ್ನು ಮನಸ್ಸಿನಲ್ಲೇ ಹೂಳಿ ಬಂದವಳು ಆಕೆ; ಹೊಡೆದದ್ದು ಕಡಿಮೆಯೇ ಆಯಿತು. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಬುತ್ತಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ನೆನಪಾಗಿ ಕೈ ಹಿಂದೆಗೆದಳು. ಒಯ್ಯುವಂತಿರಲಿಲ್ಲ.

ಮಾಲಿಂಗಪ್ಪ ಅಲ್ಲೇ ನೆಲದ ಮೇಲೆ ಕೂತು ಗಂಟು ಬಿಚ್ಚಿದ. ಒಂದು ರೊಟ್ಟಿ ಮುರಿದು ಬಾಯಿಗಿಟ್ಟ. ತನ್ನ ಸಾವಿನ ಬುತ್ತಿಯನ್ನು ತಾನೇ ತಿನ್ನುವವನನ್ನು ಯಾರೂ ಕಂಡಿರಲಿಲ್ಲ; ಸಾವಿತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಕಣ್ಣೀರು ಒರೆಸಿಕೊಳ್ಳಲಿಲ್ಲ, ಪಲ್ಯ ಕೇಳಲಿಲ್ಲ, ಬರಿ ರೊಟ್ಟಿ ತಿಂದ.

"ಸತ್ತಾಗ ತರೋದು ಇವತ್ತ ತಂದಿ. ನಾ ಉಂಡೆ. ಮುಂದ ನಾ ಖರೆ ಸತ್ತಾಗ ನೀ ಬರಬ್ಯಾಡಕ್ಕ. ಇವತ್ತ ಒಂದೀಟು ಕೂಡು."

ಕಾಶೆವ್ವ ಹೊಸ್ತಿಲ ಒಳಗೇ ನಿಂತಳು. ಒಣ ರೊಟ್ಟಿ ಗಂಟಲಲ್ಲಿ ಸಿಕ್ಕಿ ಮಾಲಿಂಗಪ್ಪನಿಗೆ ಬಿಕ್ಕಳಿಕೆ ಹತ್ತಿತು, ಕಣ್ಣು ಮೇಲಾದವು. ಸಾವಿತ್ರವ್ವ ತಂಬಿಗೆಯಲ್ಲಿ ನೀರು ತಂದು ಚಾಚಿದಳು. ಅವನು ಕೈ ನೀಡಿದ.

ನಡುವೆ ಕಾಶೆವ್ವನ ಕೈ ಬಂದು ತಂಬಿಗೆ ಕಸಿದುಕೊಂಡಿತು.

"ಸರಿ ಅತ್ಲಾಗ," ಎಂದಳು, ಅತ್ತು ಅತ್ತು ಒಡೆದ ದನಿಯಲ್ಲಿ. "ಮೊದಲನೇ ಪಾಳಿ ನಂದು."

ಬಿಕ್ಕುತ್ತ ಕೂತ ತಮ್ಮನ ಎದುರಿಗೆ ನಿಂತು ಅವಳು ಆ ಮನೆಯ ನೀರನ್ನು ಗಟಗಟನೆ ಕುಡಿದಳು. ಆಮೇಲೆ ಉಳಿದದ್ದನ್ನು ಅವನ ಕೈಗೆ ಕೊಟ್ಟಳು.