ಶಾಸಕರು ಬಂದ ದಿನ ಆರಿದ್ದ ಒಲೆ

ಚಿನಕುರಳಿಯಲ್ಲಿ ಬಸ್ಸಿಳಿದಾಗಲೆಲ್ಲ ನಾನು ಮೊದಲು ಆಕಾಶ ನೋಡುತ್ತೇನೆ. ತಂಗಿಯ ಮನೆಯ ಹಿತ್ತಿಲಿಗೆ ಅಂಟಿಕೊಂಡೇ ಅವಳ ಭಾವನ, ಅಂದರೆ ಗಂಡನ ಅಣ್ಣನ, ಆಲೆಮನೆ ಇದೆ. ಅದರ ಕೊಳವೆ ಕರ್ರಗೆ ಹೊಗೆ ಉಗುಳುತ್ತಿದ್ದರೆ, ತಂಗಿ ಒಳಗೆ ಗೋಡೆಗೊರಗಿ ಉಸಿರಿಗೆ ಒದ್ದಾಡುತ್ತಿದ್ದಾಳೆ ಎಂದೇ ಅರ್ಥ. ಕಬ್ಬಿನ ಸಿಪ್ಪೆ ಹಸಿಯಾಗಿದ್ದಾಗ ಬೆಲ್ಲ ಕಾಯಿಸುವ ಒಲೆಗೆ ಹಳೇ ಟೈರು ತುರುಕುತ್ತಾರೆ. ಭಾವನ ಎದುರು ನಿಂತು ಮಾತಾಡುವವಳಲ್ಲ ಅವಳು. ಡಾಕ್ಟರು, ಹೊಗೆಯಿಂದ ದೂರ ಇರಿ ಎಂದು ಹೇಳಿ ಕೈ ತೊಳೆದುಕೊಂಡರು. ದೂರ ಅಂದರೆ ಎಲ್ಲಿಗೆ ಹೋಗುತ್ತಾಳೆ?

ಹೀಗಿರುವಾಗ, ಆಲೆಮನೆಗಳಿಗೆ ಕಡಿಮೆ ಹೊಗೆಯ ಒಲೆ ಕಟ್ಟಿಸಿಕೊಟ್ಟು, ಗಾಳಿಗೆ ಸೇರುವ ಇಂಗಾಲವನ್ನು ತಗ್ಗಿಸುವ ಯೋಜನೆಯೊಂದು ವಿಧಾನಸಭೆಯ ಮುಂದೆ ಬರುತ್ತದೆ ಎಂಬ ಸುದ್ದಿ ಕಿವಿಗೆ ಬಿತ್ತು. ನಮ್ಮ ಕಡೆಯ ಶಾಸಕರು ಅದಕ್ಕೆ ಹೂಂ ಅನ್ನಬೇಕಿತ್ತು. ಹಾಗೆ ಅನ್ನಿಸಲೆಂದು ನಮ್ಮೂರು ಕಿರಂಗೂರಿನಿಂದ ಪಾಂಡವಪುರದ ಅವರ ಮನೆಗೆ ಅಲೆದೂ ಅಲೆದೂ ನನ್ನ ಚಪ್ಪಲಿ ಸವೆದವು. ಹೋದಾಗಲೆಲ್ಲ ಅವರು ಮದುವೆಗೋ ತಿಥಿಗೋ ಹೋಗಿರುತ್ತಿದ್ದರು. ಕೊನೆಗೊಂದು ದಿನ ಅವರು ಕಾರು ಹತ್ತುವ ಹೊತ್ತಿಗೆ ಅಡ್ಡ ನಿಂತೆ.

"ಸ್ವಾಮಿ, ನಾನು ಬಾಯಲ್ಲಿ ಹೇಳುದ್ರೆ ತಿಳಿಯಾಕಿಲ್ಲ. ಒಂದ್ಸಲ ಬಂದು ಆ ಹೊಗೇಲಿ ನಿಂತ್ಕಂಡು ನೋಡಿ."

"ಬತ್ತೀನಿ ಕಣವ್ವ" ಎಂದರು. ಎಲ್ಲರಿಗೂ ಹೇಳುವ ಮಾತು ಎಂದುಕೊಂಡಿದ್ದೆ. ಆದರೆ ಇಂಥ ದಿನ ಬರುತ್ತೇನೆ ಎಂದು ನಿಜಕ್ಕೂ ಹೇಳಿ ಕಳಿಸಿದರು.

ಆ ದಿನ ಬಸ್ಸಿಳಿದು ತಲೆಯೆತ್ತಿದರೆ ಆಕಾಶ ತೊಳೆದಿಟ್ಟಂತಿತ್ತು. ಹಿತ್ತಿಲ ಕಡೆ ಓಡಿದೆ. ಆಲೆಮನೆಯ ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಟೈರುಗಳು ಕೊಟ್ಟಿಗೆಯ ಹಿಂದಕ್ಕೆ ಹೋಗಿದ್ದವು. ಒಲೆಯನ್ನು ಹಿಂದಿನ ಮಧ್ಯಾಹ್ನವೇ ಆರಿಸಿದ್ದರಂತೆ. ತಂಗಿಯ ಭಾವ ಗರಿಗರಿ ಬಿಳಿ ಅಂಗಿ ತೊಟ್ಟು, ಬೆಲ್ಲದಚ್ಚು ಪೋಣಿಸಿದ ಹಾರ ಹಿಡಿದು ನಿಂತಿದ್ದರು.

"ಒಲೆ ಯಾಕೆ ಆರ್ಸುದ್ರಿ?" ಎಂದೆ.

"ಇನ್ನೇನಮ್ಮ? ಮನೆ ಬಾಗ್ಲಿಗೆ ಬಂದೋರ ಕಣ್ಣಿಗೆ ಹೊಗೆ ತುಂಬೋದಾ? ಊರ ಮರ್ವಾದೆ ಏನಾಯ್ತದೆ?"

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಅತಿಥಿಯ ಕಣ್ಣು ಉರಿಯಬಾರದು, ಮನೆಯ ಹೆಣ್ಣಿನ ಎದೆ ಉರಿದರೆ ಅಡ್ಡಿಯಿಲ್ಲ. ಈಗಲಾದರೂ ಹಚ್ಚಿ ಎಂದು ಅಂಗಲಾಚುತ್ತಿರುವಾಗಲೇ ಪಟಾಕಿ ಸಿಡಿಯಿತು. ಕಾರು ಬಂದಿತ್ತು.

ಶಾಸಕರು ಬೆಲ್ಲದ ಹಾರ ಹಾಕಿಸಿಕೊಂಡು ಸುತ್ತ ನೋಡಿದರು. "ಎಲ್ಲವ್ವ ಹೊಗೆ?"

ಅಷ್ಟರಲ್ಲಿ ತಂಗಿ ಮಜ್ಜಿಗೆ ತಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆಯಿತ್ತು. "ಕಾಯ್ಲೆ ಅಂದಿದ್ದು ಇವ್ರಿಗೇನಾ? ಚೆನ್ನಾಗವ್ರಲ್ಲ!" ಎಂದರು ಶಾಸಕರು. ಎಲ್ಲರೂ ನಕ್ಕರು. ಅವಳೂ ನಾಚಿಕೊಂಡು ನಕ್ಕಳು.

"ನಿಮಗೋಸ್ಕರ ಆರ್ಸವ್ರೆ ಸ್ವಾಮಿ. ಟೈರೆಲ್ಲ ಆ ಕೊಟ್ಟಿಗೆ ಹಿಂದೈತೆ, ಬನ್ನಿ, ತೋರುಸ್ತೀನಿ" ಎಂದೆ. ಭಾವನ ಮುಖ ಸಣ್ಣಗಾಯಿತು. ಶಾಸಕರಿಗೆ ನಾಗಮಂಗಲದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. "ನೋಡಾಣ, ಯೋಚ್ನೆ ಮಾಡಾಣ" ಎನ್ನುತ್ತಲೇ ಕಾರು ಹತ್ತಿದರು.

ಆ ರಾತ್ರಿ ಅಲ್ಲೇ ಉಳಿದೆ. ಬೆಳಗಾಗುವ ಮುಂಚೆಯೇ ಒಲೆಗೆ ಬೆಂಕಿ ಬಿತ್ತು. ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೀದಿ ಕಡೆಯ ಜಗಲಿಗೆ ಬಂದು ಕೂತಳು. ನಾನು ಅವಳ ಬೆನ್ನು ಸವರುತ್ತಾ ಅವಳ ಭಾವನನ್ನು ಬೈದೆ, ಶಾಸಕರನ್ನು ಬೈದೆ. ಇನ್ನು ನನ್ನ ಕೈಲಾಗದು, ಯಾರ ಬಾಗಿಲಿಗೂ ಹೋಗಲಾರೆ ಎಂದೆ. ನಿಜವಾಗಿಯೂ ಸಾಕಾಗಿತ್ತು.

ಕೆಮ್ಮು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಅಕ್ಕ, ಆವಯ್ಯ ಯೋಜ್ನೆಗೆ ಹೂಂ ಅನ್ನದಿದ್ರೆ ಬುಡು. ವಾರಕ್ಕೊಂದ್ಸಲ ಸುಮ್ಕೆ ಬಂದೋಗಿ ಅಂತ ಕೇಳು. ಮೊನ್ನೆ ರಾತ್ರಿ ನಿದ್ದೆ ಬಂದಿತ್ತು ಕಣಕ್ಕ."

ನಾನು ಎದ್ದು ಮುಖ ತೊಳೆದುಕೊಂಡು ಮತ್ತೆ ಪಾಂಡವಪುರದ ಬಸ್ಸಿಗೆ ಹೊರಟೆ.